ಎರಡನೇ ನಂಬರ್

"ಸಾಯೋವರೆಗೂ ಈ ಕಿಟಕಿ ಮುಂದೇನೇ ನಿಂತಿರ್ಬೇಕಾ ನಾನು?"

ಆ ಕೂಗಿಗೆ ಒಳಗಿನ ಕೋಣೆಯಲ್ಲಿದ್ದ ಅವಳು ಬೆಚ್ಚಿಬಿದ್ದು ಹೊರಗೆ ಓಡಿ ಬಂದಳು.

ಅದು ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಕಿಡ್ನಿ ನೋಂದಣಿ ಕೇಂದ್ರ. ಬದಲಿ ಕಿಡ್ನಿಗಾಗಿ ಕಾಯುವವರ ಹೆಸರು, ರಕ್ತದ ಗುಂಪು, ಫೋನ್ ನಂಬರು ಎಲ್ಲವೂ ಅಲ್ಲಿನ ಡೇಟಾಬೇಸಿನಲ್ಲಿತ್ತು. ಅದನ್ನು ಕಾಯುವವಳು ಇವಳು. ವಾರಕ್ಕೊಮ್ಮೆ ಇಡೀ ಡೇಟಾಬೇಸಿನ ಕಾಪಿ ತೆಗೆದಿಡುತ್ತಿದ್ದಳು. ಹಾಗಾಗಿ ಎಲ್ಲರ ಬಾಯಲ್ಲೂ ಇವಳು 'ಕಾಪಿ ಮೇಡಂ'. ಹೊಸಬರು ಕಾಫಿ ಕೊಡೋಳು ಅಂದುಕೊಂಡು 'ನಂಗೆ ಸಕ್ಕರೆ ಕಮ್ಮಿ' ಅಂದದ್ದೂ ಉಂಟು!

ಕಿಟಕಿಯ ಆಚೆ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಭುಜಗಳು ಅಗಲವಾಗಿದ್ದವು, ಆದರೆ ಅಂಗಿ ಆ ಭುಜಗಳಿಂದ ಜೋತು ಬಿದ್ದಿತ್ತು. ತೋಳಿನ ಮೇಲೆ ಡಯಾಲಿಸಿಸ್ ಸೂಜಿಯ ಗಂಟುಗಳು. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇತ್ತು.

"ನನ್ನ ಮೇಲೆ ಯಾಕೆ ರೇಗ್ತೀರಿ ಮೇಷ್ಟ್ರೇ? ಕಂಪ್ಯೂಟರ್ ಆಮೆ ಥರ ಹೋಗ್ತಿದೆ. ಕೇಳೋದಿದ್ರೆ ಇವಳನ್ನ ಕೇಳಿ!" ಕಿಟಕಿಯಲ್ಲಿ ಕೂತು ವಿವರ ಟೈಪ್ ಮಾಡುವ ಅಕ್ಕ ತನ್ನ ಕೈ ತೊಳೆದುಕೊಂಡಳು.

"ಕಾಪಿ ಆಗ್ತಿದೆ ಸಾರ್, ಅದಕ್ಕೇ ನಿಧಾನ..." ಅಂದಳು ಅವಳು.

"ಒಂದು ಫೋನ್ ನಂಬರ್ ಬದಲಾಯಿಸೋಕೆ ಇಷ್ಟು ಹೊತ್ತಾ? ಕಂಪ್ಯೂಟರ್ ನಿಲ್ಸಿ ಕಾಪಿ ಮಾಡ್ಕೊಳ್ಳಿ. ಜನ ಇಲ್ಲದಾಗ ಮಾಡ್ಕೊಳ್ಳಿ!"

"ನಿಲ್ಸಿದ ಹೊತ್ತಲ್ಲೇ ಎಲ್ಲೋ ಒಂದು ಕಿಡ್ನಿ ಬಂದ್ರೆ? ಯಾರಿಗೆ ಕೊಡ್ಬೇಕು ಅಂತ ಗೋಡೆನ ಕೇಳೋದಾ?" ಅವಳಿಗೂ ರೇಗಿತು. "ಕಾಪಿ ಇಲ್ದೇ ನಾಳೆ ಡಿಸ್ಕ್ ಕೆಟ್ಟೋದ್ರೆ ನಿಮ್ಮ ಹೆಸರೇ ಇರಲ್ಲ. ನಿಲ್ಸೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ. ಓಡ್ತಿರೋವಾಗ್ಲೇ ಕಾಪಿ ಮಾಡ್ಬೇಕು ಸಾರ್. ಅದೇ ನನ್ನ ಕರ್ಮ!"

ಅವನು ಕಣ್ಣು ಕಿರಿದು ಮಾಡಿ ಏನೋ ಯೋಚಿಸಿದ. ಆಮೇಲೆ... ನಕ್ಕುಬಿಟ್ಟ!

"ಅಂದ್ರೆ ಕೊಳದಲ್ಲಿ ಮಕ್ಕಳನ್ನ ಎಣಿಸೋ ಹಾಗೆ. ನಾನು ಈಜು ಕಲಿಸ್ತಿದ್ದೆ ಮೇಡಂ. ಈ ತುದಿಯಿಂದ ಎಣಿಸ್ಕೊಂಡು ಆ ತುದಿಗೆ ಹೋಗೋಷ್ಟರಲ್ಲಿ ಈ ತುದೀಲಿ ಇನ್ನೊಬ್ಬ ಧುಮುಕಿರ್ತಾನೆ. ಅದಕ್ಕೇ ದಡದಲ್ಲಿ ಒಬ್ಬನನ್ನ ನಿಲ್ಲಿಸ್ತಿದ್ದೆ. ಎಣಿಕೆ ಶುರುವಾದ ಮೇಲೆ ಯಾರು ಇಳಿದ್ರು, ಯಾರು ಹತ್ತಿದ್ರು ಅಂತ ನೋಡ್ಕೊಳ್ಳೋಕೆ."

ಅವಳು ಬಾಯಿ ತೆರೆದು ನಿಂತಳು. ಅವಳಮ್ಮನಿಗೂ ಇಷ್ಟು ವರ್ಷದಲ್ಲಿ ಮಗಳ ಕೆಲಸ ಏನಂತ ಅರ್ಥವಾಗಿರಲಿಲ್ಲ.

"ಅದನ್ನೇ ನಾವು ಲಾಗ್ ಅನ್ನೋದು! ಕಾಪಿ ಆಗ್ತಿರೋವಾಗ ಏನೇನು ಬದಲಾಯ್ತು ಅನ್ನೋ ಲೆಕ್ಕ. ಅದಿಲ್ದೇ ಹೋದ್ರೆ ಕಾಪಿ ಇದ್ದೂ ದಂಡ."

"ನೋಡಿದ್ರಾ ಅಕ್ಕಾ? ನನಗೂ ಕಂಪ್ಯೂಟರ್ ಬರುತ್ತೆ!"

"ಬಂತು ಬಂತು. ಈಗ ನಂಬರ್ ಹೇಳಿ," ಅಕ್ಕ ಗೊಣಗುತ್ತಾ ಟೈಪ್ ಮಾಡಿದಳು. "ಹಳೇದಕ್ಕೆ ಏನಾಯ್ತು?"

"ಅದು ಕೊಳದವರ ಫೋನು. ಈಗ ನೀರಿಗೆ ಇಳಿಯೋ ಹಾಗಿಲ್ವಲ್ಲ, ಟಿಕೆಟ್ ಕೌಂಟರಲ್ಲಿ ಕೂರಿಸಿದ್ದಾರೆ. ಕೌಂಟರಿನವನಿಗೆ ಫೋನ್ ಯಾಕೆ ಅಂತ ವಾಪಸ್ ತಗೊಂಡ್ರು."

"ಎರಡನೇ ನಂಬರ್ ಖಾಲಿ ಇದೆ ನೋಡಿ. ಮೊದಲನೇದು ಸಿಗದಿದ್ರೆ ಮಾಡೋಕೆ. ಅಪ್ಪ, ಅಮ್ಮ, ಹೆಂಡ್ತಿ, ಯಾರಾದ್ರೂ..."

"ಯಾರೂ ಇಲ್ಲ ಅಕ್ಕಾ. ಖಾಲಿ ಬಿಡಿ."

ತಮಾಷೆಯ ದನಿಯಲ್ಲೇ ಅಂದ. ಅದ್ಯಾಕೋ ಅವಳು ಪರದೆಯ ಮೇಲಿನ ಆ ಖಾಲಿ ಜಾಗವನ್ನೇ ನೋಡುತ್ತಾ ನಿಂತಳು.

*

ಆಮೇಲೆ ಆದದ್ದನ್ನು ಹೇಳೋಕೆ ನನಗೇ ಬಾಯಿ ಬರುತ್ತಿಲ್ಲ. ಆದರೂ ಹೇಳಲೇಬೇಕು.

ಮಧ್ಯಾಹ್ನ ಕಾಪಿ ಮುಗಿಯಿತು. ಅಷ್ಟರಲ್ಲಿ ಡಿಸ್ಕಿನಲ್ಲಿ ಜಾಗ ತುಂಬಿದೆ ಅಂತ ಎಚ್ಚರಿಕೆ ಬಂತು. ಏನಾದರೂ ಅಳಿಸಲೇಬೇಕು. ಇಲ್ಲದಿದ್ದರೆ ಡೇಟಾಬೇಸೇ ನಿಂತುಬಿಡುತ್ತೆ.

ಅವಳು ಕಣ್ಣಾಡಿಸಿದಳು. ಬೆಳಗಿನ ಲಾಗುಗಳು ಕಂಡವು. 'ಕಾಪಿ ಮುಗೀತಲ್ಲ, ಇನ್ನು ಇವ್ಯಾಕೆ...' ಅಂದುಕೊಂಡು ಅಳಿಸಿದಳು.

ಹೌದು! ಬೆಳಿಗ್ಗೆ ತಾನೇ 'ಅದಿಲ್ದೇ ಹೋದ್ರೆ ದಂಡ' ಅಂದವಳೇ ಮಧ್ಯಾಹ್ನ ಅದನ್ನೇ ಅಳಿಸಿದಳು. ಅವಳ ತಲೆಯಲ್ಲಿ ಲಾಗ್ ಇರಲಿಲ್ಲ. 'ಖಾಲಿ ಬಿಡಿ' ಅಂದ ದನಿ ಇತ್ತು. ಪ್ರೀತಿ ಹುಟ್ಟುವ ಹೊತ್ತಿನಲ್ಲಿ ಮನುಷ್ಯರಿಗೆ ಬುದ್ಧಿ ಎಲ್ಲಿರುತ್ತೆ ಹೇಳಿ?

ಆ ವಾರವೇ ಡಿಸ್ಕ್ ಕೆಟ್ಟಿತು. ಕೇಂದ್ರದ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಅವಳ ಕುರ್ಚಿಯ ಹಿಂದೆ ನಿಂತು "ಆಯ್ತಾ? ಆಯ್ತಾ?" ಅಂತ ಜೀವ ತಿಂದರು. ಅವಳು ಕಾಪಿಯನ್ನು ತೆರೆಯಲು ಹೋದರೆ 'ಲಾಗ್ ಸಿಗುತ್ತಿಲ್ಲ' ಅಂತ ಬಂತು. ಅದನ್ನು ಪಕ್ಕಕ್ಕೆ ತಳ್ಳಿ ಬಲವಂತವಾಗಿ ತೆರೆದಳು. ತೆರೆಯಿತು! ಹೆಸರುಗಳೆಲ್ಲ ಬಂದವು. ಎಣಿಕೆ ಸರಿಯಾಗಿತ್ತು.

"ಕಾಪಿ ಮುಗಿದ ಮೇಲೆ ಬಂದ ಅರ್ಜಿಗಳನ್ನೆಲ್ಲ ಮತ್ತೆ ಟೈಪ್ ಮಾಡಿಬಿಡು ಅಕ್ಕಾ," ಅಂದಳು.

ಕಾಪಿ ಮುಗಿದ ಮೇಲೆ... ಶುರುವಾದ ಮೇಲೆ ಅನ್ನಬೇಕಿತ್ತು. ಆ ನಡುವಿನ ಹೊತ್ತಿನಲ್ಲಿ ಟೈಪ್ ಮಾಡಿದ್ದೆಲ್ಲ ಹಳೆಯದಕ್ಕೇ ತಿರುಗಿ ಹೋಗಿತ್ತು. ಮೇಷ್ಟ್ರ ಹೊಸ ನಂಬರೂ ಹೋಗಿತ್ತು. ಅದು ಯಾರಿಗೂ ಗೊತ್ತಾಗಲಿಲ್ಲ.

ದೊಡ್ಡ ಡಾಕ್ಟರು ಅವಳ ಬೆನ್ನು ತಟ್ಟಿ ಹೋದರು.

*

ಡಯಾಲಿಸಿಸ್ ವಾರ್ಡು ಎರಡನೇ ಮಹಡಿಯಲ್ಲಿತ್ತು. ಮೊದಮೊದಲು ಅವಳು ಪ್ರಿಂಟರ್ ನೋಡುವ ನೆಪದಲ್ಲಿ ಹೋದಳು. ಎಷ್ಟು ಸಲ ಅಂತ ಪ್ರಿಂಟರ್ ಕೆಡುತ್ತೆ? ಆಮೇಲೆ ನೆಪ ಬಿಟ್ಟು ಹೋದಳು.

"ನೀರಲ್ಲೇ ಬದುಕಿದೋನು ನಾನು," ಅನ್ನುತ್ತಿದ್ದ ಅವನು. "ಈಗ ನೋಡು, ದಿನಕ್ಕೆ ಎರಡು ಲೋಟ. ಅದನ್ನೂ ಅಳೆದು ಕುಡೀಬೇಕು."

"ಐಸ್ ಚೂರು ತಂದಿದ್ದೀನಿ. ಬಾಯಲ್ಲಿ ಇಟ್ಕೊಳ್ಳಿ, ಬೇಗ ಕಚ್ಬೇಡಿ."

"ಕಾಪಿ ಮೇಡಂ ಅಪ್ಪಣೆ!"

ಹಾಗೆ ಶುರುವಾದದ್ದು ಎಲ್ಲಿಗೆ ಹೋಗುತ್ತೆ ಅಂತ ಇಬ್ಬರಿಗೂ ಗೊತ್ತಿತ್ತು. ಹೇಳಲು ಇಬ್ಬರಿಗೂ ಧೈರ್ಯವಿರಲಿಲ್ಲ. ಅವನ ರಕ್ತಕ್ಕೆ ಹೊಂದುವ ಕಿಡ್ನಿ ಅಪರೂಪ ಅಂದಿದ್ದರು ಡಾಕ್ಟರು. ಸೂಜಿ ಚುಚ್ಚಲು ಒಂದು ಕೈಯ ನರ ಆಗಲೇ ಸೋತಿತ್ತು. ಇನ್ನೊಂದು ಸೋಲುತ್ತಿತ್ತು.

ವಿಷಯ ತಿಳಿದ ಅಮ್ಮ ಫೋನಿನಲ್ಲಿ ಅತ್ತಳು. "ಕಣ್ಣಾರೆ ಕಂಡು ಬಾವಿಗೆ ಬೀಳ್ತಿದ್ದೀಯಲ್ಲೇ! ನಾಳೆ ಅವನಿಗೆ ಏನಾದ್ರೂ ಆದ್ರೆ ನಿನ್ನ ಗತಿ ಏನು?"

"ಬಿದ್ದಾಗಿದೆ ಅಮ್ಮಾ..." ಅಂದಳು ಮಗಳು.

ಒಂದು ಭಾನುವಾರ ಅವನು ಅವಳನ್ನು ಕೊಳಕ್ಕೆ ಕರೆದ. ರಜೆಯ ದಿನ, ಯಾರೂ ಇರಲಿಲ್ಲ. ಕ್ಲೋರಿನ್ ವಾಸನೆ, ಒದ್ದೆ ಮೆಟ್ಟಿಲು, ನೀಲಿ ಟೈಲ್ಸಿನ ಮೇಲೆ ಬಿಸಿಲು. ಟಿಕೆಟ್ ಕೌಂಟರಿನ ಮುಂದಿನ ಬೆಂಚಿನಲ್ಲಿ ಇಬ್ಬರೂ ಕೂತರು.

"ಒಂದು ಸಲ ಈ ತುದಿಯಿಂದ ಆ ತುದಿಗೆ ಈಜ್ಬೇಕು ಕಣೇ. ಆಮೇಲೆ ಏನಾದ್ರೂ ಆಗ್ಲಿ."

"ಈಜ್ತೀರಿ. ಫೋನ್ ಬರುತ್ತೆ. ನಾನೇ ಕಾಯ್ತಿದ್ದೀನಲ್ಲ ಆ ಲಿಸ್ಟನ್ನ."

"ನೀನು ಕಾಯ್ತಿದ್ದೀಯ ಅನ್ನೋದೊಂದೇ ನನಗೆ ಧೈರ್ಯ," ಅಂದ ಅವನು.

ಅವಳು ಅವನ ಭುಜಕ್ಕೆ ತಲೆ ಆನಿಸಿದಳು. ಅವನು ಬೇಡ ಅನ್ನಲಿಲ್ಲ. ಅದಕ್ಕಿಂತ ಸುಖದ ಗಳಿಗೆ ಅವಳ ಬದುಕಿನಲ್ಲಿ ಬಂದಿರಲಿಲ್ಲ.

ಅದೇ ಹೊತ್ತಿನಲ್ಲಿ ಕೇಂದ್ರದಿಂದ ಅವನಿಗೆ ಕರೆ ಹೋಗುತ್ತಿತ್ತು! ಅಪರೂಪದ, ಅವನಿಗೆಂದೇ ಹೊಂದುವ ಒಂದು ಕಿಡ್ನಿ ಬಂದಿತ್ತು. ಭಾನುವಾರದ ಡ್ಯೂಟಿಯ ನರ್ಸು ಪರದೆಯಲ್ಲಿದ್ದ ನಂಬರಿಗೆ ಮಾಡಿದಳು. ಮತ್ತೆ ಮಾಡಿದಳು. ಮೆಸೇಜ್ ಕಳಿಸಿದಳು. ಭಾನುವಾರವಾದ್ದರಿಂದ ಡಯಾಲಿಸಿಸ್ ವಾರ್ಡಿಗೂ ಬೀಗ. ಎರಡನೇ ನಂಬರ್ ನೋಡಿದಳು. ಖಾಲಿ.

ಆ ಹಳೆಯ ಫೋನು ಅವರು ಕೂತ ಬೆಂಚಿನ ಹಿಂದೆ, ಕೌಂಟರಿನ ಡ್ರಾಯರಿನಲ್ಲಿ ಸ್ವಿಚ್ ಆಫ್ ಆಗಿ ಬಿದ್ದಿತ್ತು.

ಕಿಡ್ನಿ ಕಾಯುವುದಿಲ್ಲ. ಅದು ಸಾಲಿನಲ್ಲಿದ್ದ ಇನ್ನೊಬ್ಬರಿಗೆ ಹೋಯಿತು.

*

ಮರುದಿನ ಕೊಳಕ್ಕೆ ಹೊಸ ಕೋಚ್ ಬಂದಾಗ ಆ ಫೋನನ್ನು ಚಾರ್ಜಿಗೆ ಹಾಕಿದ. ಆನ್ ಮಾಡಿದ್ದೇ ತಡ, ಟಣ್ ಟಣ್ ಅಂತ ಮೆಸೇಜುಗಳು ಬಂದವು.

"ಸಾರ್... ಇದು ನಿಮ್ಗೆ ಬಂದಿರೋದು ಅನ್ಸುತ್ತೆ," ಅಂತ ಕೌಂಟರಿಗೆ ತಂದುಕೊಟ್ಟ.

ಓದಿದವನು ಮತ್ತೊಮ್ಮೆ ಓದಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವೆ. ಇವನಿಗೆ ಆ ತುತ್ತು ಕೈಗೆ ಬಂದದ್ದೂ ಗೊತ್ತಾಗಿರಲಿಲ್ಲ.

ಕೇಂದ್ರದಲ್ಲಿ ದೊಡ್ಡ ಗಲಾಟೆಯೇ ಆಯಿತು. ಪರದೆಯಲ್ಲಿ ಹಳೆಯ ನಂಬರೇ ಇತ್ತು.

"ನಾನು ಟೈಪ್ ಮಾಡಿದ್ದೀನಿ ಸಾರ್! ಇವಳೂ ಪಕ್ಕದಲ್ಲೇ ಇದ್ಲು!" ಅಕ್ಕ ಎದೆ ಎದೆ ಬಡಿದುಕೊಂಡಳು. "ನನ್ನ ಮಕ್ಕಳಾಣೆ ಸಾರ್!"

"ಸೇವ್ ಮಾಡಿರಲ್ಲ ಬಿಡಮ್ಮ," ಅಂದರು ದೊಡ್ಡ ಡಾಕ್ಟರು. "ವಿಚಾರಣೆ ಮುಗಿಯೋವರೆಗೂ ಮನೇಲಿರು."

ಅಕ್ಕ ಚೀಲ ಎತ್ತಿಕೊಂಡು ಹೋಗುವಾಗ ಅವಳತ್ತ ತಿರುಗಿ ನೋಡಿದಳು. ಅವಳು ತಲೆ ತಗ್ಗಿಸಿದಳು. 'ಮರೆತಿರ್ತಾಳೆ ಪಾಪ...' ಅಂದುಕೊಂಡಳು.

ಆದರೂ ಮನಸ್ಸು ತಡೆಯಲಿಲ್ಲ. ಆ ಬೆಳಿಗ್ಗೆ ಬಂದಿದ್ದ ಬೇರೆಯವರ ವಿವರ ತೆರೆದು ನೋಡಿದಳು. ಒಬ್ಬರು ವಿಳಾಸ ಬದಲಿಸಿದ್ದರು, ಹಳೆಯದೇ ಇತ್ತು. ಇನ್ನೊಬ್ಬರ ತೂಕ, ಅದೂ ಹಳೆಯದೇ. ಎಲ್ಲವೂ ಕಾಪಿ ಓಡುತ್ತಿದ್ದ ಹೊತ್ತಿನವು...

ಅವಳು ಕೀಲಿಮಣೆಯಿಂದ ಕೈ ಹಿಂದಕ್ಕೆಳೆದುಕೊಂಡಳು.

'ಲಾಗ್! ಅಯ್ಯೋ ದೇವ್ರೇ... ನಾನೇ! ನಾನೇ ಅಳಿಸಿದ್ದು!'

ಉಳಿದವರ ವಿವರಗಳನ್ನೆಲ್ಲ ಆ ದಿನವೇ ಸರಿಮಾಡಿದಳು. ಅವನ ನಂಬರನ್ನೂ ಸರಿಮಾಡಿದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಆಮೇಲೆ ಸರ್ವರ್ ಕೋಣೆಯ ಬಾಗಿಲು ಹಾಕಿಕೊಂಡು, ಆ ಯಂತ್ರಗಳ ಸದ್ದಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ಹೇಳುವ ಧೈರ್ಯ ಮಾತ್ರ ಬರಲಿಲ್ಲ. ವಾರ್ಡಿಗೆ ಹೋಗುವುದನ್ನು ಬಿಟ್ಟಳು. ಅವನ ಕರೆಗಳನ್ನು ಎತ್ತಲಿಲ್ಲ. ಯಾವ ಮುಖ ಇಟ್ಟುಕೊಂಡು ಎತ್ತುತ್ತಾಳೆ?

ಅಷ್ಟರಲ್ಲಿ ಅವನ ಇನ್ನೊಂದು ಕೈಯ ನರವೂ ಮುಚ್ಚಿಹೋಯಿತು. ಕುತ್ತಿಗೆಯ ಬುಡದಲ್ಲಿ ಕೊಳವೆ ಹಾಕಿದರು. ಇದೂ ಕೆಟ್ಟರೆ ಮುಂದೆ ದಾರಿ ಕಡಿಮೆ ಅಂದರು ಡಾಕ್ಟರು.

ಅವತ್ತು ಅವನಿಂದ ಒಂದು ಮೆಸೇಜು ಬಂತು.

'ಡಾಕ್ಟರು ಹೇಳಿದ್ದು ನಿಮಗೂ ಗೊತ್ತಾಗಿರುತ್ತೆ. ದೂರ ಹೋಗಿದ್ದು ಒಳ್ಳೇದೇ. ನಿಮ್ಮ ಮೇಲೆ ನನಗೆ ಬೇಜಾರಿಲ್ಲ. ಐಸ್ ಚೂರುಗಳಿಗೆ ಥ್ಯಾಂಕ್ಸ್.'

ನೀನು ಹೋಗಿ ನೀವು ಆಗಿದ್ದಳು. ಸಾಯುವವನನ್ನು ಬಿಟ್ಟು ಓಡಿದಳು ಅಂದುಕೊಂಡಿದ್ದಾನೆ! ಅಂದುಕೊಂಡೂ ಥ್ಯಾಂಕ್ಸ್ ಹೇಳುತ್ತಿದ್ದಾನೆ!

ಅವಳು ಎದ್ದು ಸೀದಾ ದೊಡ್ಡ ಡಾಕ್ಟರ ಕೋಣೆಗೆ ಹೋದಳು.

"ಅಕ್ಕಂದು ತಪ್ಪಿಲ್ಲ ಸಾರ್. ಅವಳನ್ನ ವಾಪಸ್ ಕರೀರಿ. ತಪ್ಪು ನಂದು." ಒಂದೂ ಬಿಡದೆ ಎಲ್ಲ ಹೇಳಿದಳು. ರಾಜೀನಾಮೆ ಮೇಜಿನ ಮೇಲಿಟ್ಟಳು.

ಡಾಕ್ಟರು ಓದಿ, ಅದನ್ನು ಅವಳತ್ತಲೇ ವಾಪಸ್ ತಳ್ಳಿದರು. "ವಿಚಾರಣೆ ನಿನ್ನ ಮೇಲೂ ಆಗುತ್ತೆ. ಶಿಕ್ಷೆನೂ ಆಗುತ್ತೆ. ಆದ್ರೆ ಈಗ ಬಿಟ್ಟು ಹೋದ್ರೆ ಆ ಲಿಸ್ಟ್ ಯಾರು ನೋಡ್ಕೋತಾರೆ? ಇದನ್ನ ತಗೊಂಡು ಹೋಗು. ಇನ್ಮೇಲೆ ತೆಗೆದ ಪ್ರತಿ ಕಾಪಿನೂ ತೆರೆದು ನನಗೆ ತೋರಿಸ್ಬೇಕು."

ಅಲ್ಲಿಂದ ಅವಳು ಐಸಿನ ಡಬ್ಬಿ ತುಂಬಿಸಿಕೊಂಡು ಎರಡನೇ ಮಹಡಿಗೆ ಮೆಟ್ಟಿಲು ಹತ್ತಿದಳು.

*

ಕಿಟಕಿ ಪಕ್ಕದ ಹಾಸಿಗೆ. ಕುತ್ತಿಗೆಯ ಕೊಳವೆಯಿಂದ ರಕ್ತ ಯಂತ್ರಕ್ಕೆ ಹೋಗಿ ಬರುತ್ತಿತ್ತು. ಅವಳನ್ನು ಕಂಡು ಅವನ ಮುಖ ಒಂದು ಗಳಿಗೆ ಅರಳಿತು. ಆ ಅರಳಿದ ಮುಖ ನೋಡಿಯೇ ಅವಳ ಅರ್ಧ ಜೀವ ಹೋಯಿತು.

"ಬರಬಾರದಿತ್ತು ನೀವು..."

"ನಿಮ್ಮ ನಂಬರ್ ಅಕ್ಕ ಟೈಪ್ ಮಾಡಿದ್ರು. ನೀವು ಬಂದಾಗ ಕಾಪಿ ಓಡ್ತಿತ್ತು. ನೆನಪಿದ್ಯಾ?"

"ಹೂಂ. ಮಕ್ಕಳ ಎಣಿಕೆ."

"ಆವತ್ತು..." ಅವಳು ಹಾಸಿಗೆಯ ಕಂಬಿ ಹಿಡಿದುಕೊಂಡಳು. "ಆವತ್ತು ದಡದಲ್ಲಿ ನಿಂತಿದ್ದೋನನ್ನ ನಾನು ಮನೆಗೆ ಕಳಿಸಿಬಿಟ್ಟೆ."

ಬೇರೆ ಯಾರಾದರೂ ಆಗಿದ್ದರೆ ಬಿಡಿಸಿ ಹೇಳಬೇಕಿತ್ತು. ಅವನಿಗೆ ಬೇಕಾಗಲಿಲ್ಲ. ಅವನ ಮುಖದಿಂದ ಬಣ್ಣ ಇಳಿಯುವುದನ್ನು ಅವಳು ನಿಂತು ನೋಡಿದಳು.

"ಲಾಗ್..." ಅಂದ.

"ಜಾಗ ಇಲ್ಲ ಅಂತ ಅಳಿಸಿದೆ. ಆಮೇಲೆ ಡಿಸ್ಕ್ ಕೆಡ್ತು. ಕಾಪಿಯಲ್ಲಿ ಹಳೇ ನಂಬರೇ ಇತ್ತು. ನಾನು ನೋಡ್ಲಿಲ್ಲ... ಬಿಟ್ಟು ಹೋಗಿದ್ದಲ್ಲ ರೀ ನಾನು! ಮುಖ ತೋರಿಸೋಕಾಗ್ದೇ ಅಡಗಿದ್ದೆ."

ಯಂತ್ರ ಗುಯ್ಗುಟ್ಟುತ್ತಿತ್ತು. ಅವನು ಕಿಟಕಿಯತ್ತ ಮುಖ ತಿರುಗಿಸಿದ.

"ನೀನು ಕಾಯ್ತಿದ್ದೀಯ ಅಂತ ಧೈರ್ಯವಾಗಿದ್ದೆ," ಅಂದ ಮೆಲ್ಲಗೆ.

"ಬೈದುಬಿಡಿ. ಹೊಡೆದುಬಿಡಿ. ಸುಮ್ಮನಿರ್ಬೇಡಿ..."

"ಹೋಗಿ ಮೇಡಂ."

"ರೀ..."

"ಹೋಗಿ ಅಂದೆ!"

ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಕೈಯಲ್ಲಿದ್ದ ಐಸಿನ ಡಬ್ಬಿಯನ್ನು ಅವನ ಮೇಜಿನ ಮೇಲಿಟ್ಟು ಅವಳು ಹೊರಗೆ ಬಂದಳು.

*

ಅಕ್ಕ ಕೆಲಸಕ್ಕೆ ವಾಪಸ್ ಬಂದಳು. ಮೊದಲ ದಿನ ಅವಳ ಕಡೆ ನೋಡಲಿಲ್ಲ. ಎರಡನೇ ದಿನ ಅವಳ ಮೇಜಿನ ಮೇಲೆ ಬಿಸ್ಕತ್ತಿನ ಪೊಟ್ಟಣ ಕುಕ್ಕಿದಳು.

"ನನ್ನ ಮರ್ಯಾದೆ ಹರಾಜಾಯ್ತು. ಅದು ಬೇರೆ ಮಾತು. ಹೊಟ್ಟೆಗೆ ಏನಾದ್ರೂ ಹಾಕ್ಕೋ. ಹೆಣದ ಥರ ಆಗಿದ್ದೀಯ."

ಅವಳು ತಿನ್ನಲಿಲ್ಲ. ಕಾಪಿ ತೆಗೆಯುವುದು, ಜೊತೆಗೆ ಲಾಗ್ ಇಡುವುದು, ಬೇರೆ ಯಂತ್ರದಲ್ಲಿ ತೆರೆದು ನೋಡುವುದು... ಅದಷ್ಟೇ ಅವಳ ಬದುಕಾಯಿತು. ತೆರೆದಾಗೆಲ್ಲ ಅವನ ಸಾಲನ್ನು ಹುಡುಕುತ್ತಿದ್ದಳು. ಸಾಲು ಇದ್ದರೆ ಅವನು ಇನ್ನೂ ಇದ್ದಾನೆ ಅಂತ. ಅದೊಂದೇ ಅವಳಿಗೆ ಉಳಿದ ಸುದ್ದಿ.

ಹಾಗಿರುವಾಗ ಒಂದು ಬೆಳಿಗ್ಗೆ, ಕಾಪಿ ಓಡುತ್ತಿದ್ದಾಗ ಕಿಟಕಿಯಿಂದ ಸಣ್ಣ ದನಿ ಕೇಳಿತು.

"ಸಾಯೋವರೆಗೂ ಇಲ್ಲೇ ನಿಂತಿರ್ಬೇಕಾ ಅಕ್ಕಾ?"

ಅವಳು ಕುರ್ಚಿ ಬಿದ್ದದ್ದನ್ನೂ ನೋಡದೆ ಓಡಿ ಬಂದಳು.

ಅವನೇ! ಇನ್ನೂ ಸೊರಗಿದ್ದ. ಕುತ್ತಿಗೆಯ ಪಟ್ಟಿ ಕಾಲರಿನಿಂದ ಇಣುಕುತ್ತಿತ್ತು. ನಿಲ್ಲಲು ಗೋಡೆ ಹಿಡಿದಿದ್ದ.

"ಎರಡನೇ ನಂಬರ್ ಸೇರಿಸ್ಬೇಕಿತ್ತು," ಅಂದ ಅಕ್ಕನಿಗೆ.

"ಹೇಳಿ, ಯಾರದ್ದು?"

ಅವನು ಇವಳ ನಂಬರನ್ನು ಹೇಳಿದ. ತಡವರಿಸದೆ, ಬಾಯಿಪಾಠವಾಗಿ ಹೇಳಿದ. ಅಕ್ಕನ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು.

"ಕ್ಷಮಿಸಿದ್ದೀನಿ ಅಂತ ಹೇಳೋಕೆ ಬಂದಿಲ್ಲ," ಅಂದ ಅವಳತ್ತ ನೋಡದೆ. "ಕೋಪ ಇದೆ. ಬೆಳಿಗ್ಗೆ ಎದ್ದಾಗೆಲ್ಲ ಬರುತ್ತೆ. ಆ ಕಿಡ್ನಿ ಯಾರಿಗೋ ಹೋಯ್ತು, ಅವರು ನೀರು ಕುಡೀತಿರ್ತಾರೆ ಅಂತ ಸಮಾಧಾನ ಮಾಡ್ಕೋತೀನಿ. ಸಮಾಧಾನ ಆಗಲ್ಲ. ಆದ್ರೆ ಕೋಪ ಮಾಡ್ಕೊಂಡು ಜಗಳ ಆಡೋಕೂ ನನಗೆ ನೀನೇ ಬೇಕು. ಬೇರೆ ಯಾರಿದ್ದಾರೆ ಹೇಳು?"

"ನನ್ನನ್ನ ನಂಬಿ ಮತ್ತೆ..."

"ಡಾಕ್ಟರು ಹೇಳಿದ್ದಾರೆ. ಮತ್ತೆ ಹೊಂದೋದು ಸಿಗೋದು ಕಷ್ಟ, ಈ ಕೊಳವೆ ಎಷ್ಟು ದಿನ ಅಂತ ಹೇಳೋಕಾಗಲ್ಲ. ಫೋನ್ ಬರಲ್ಲ ಕಣೇ. ನನಗೂ ಗೊತ್ತು, ನಿನಗೂ ಗೊತ್ತು. ಆದ್ರೂ ಖಾಲಿ ಬಿಟ್ಟು ಹೋಗೋಕೆ ಮನಸ್ಸಿಲ್ಲ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸಂಬಂಧ ಏನು ಅಂತ ಕೇಳ್ತಿದೆ ಇದು. ಏನು ಹಾಕ್ಲಿ?"

ಅವನು ಮೊದಲ ಬಾರಿ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಅವಳನ್ನೇ ಕೇಳಿ."

ಬೆಂಚು, ಬಿಸಿಲು, ಐಸ್ ಚೂರು, ಅಮ್ಮನ ಅಳು ಎಲ್ಲ ಅವಳ ಕಣ್ಣ ಮುಂದೆ ಬಂತು. ಮುಂದೆ ಏನು ಕಾದಿದೆ ಅನ್ನುವುದೂ ಬಂತು.

"ಹೆಂಡ್ತಿ ಅಂತ ಹಾಕು ಅಕ್ಕಾ," ಅಂದಳು.

"ಮದ್ವೆನೇ ಆಗಿಲ್ವಲ್ಲೇ ಇನ್ನೂ!"

"ಆಗ್ತೀವಿ. ಈ ವಾರಾನೇ. ಕಾಯೋ ಹಾಗಿಲ್ಲ ನಾವು."

ಅವನು ಕಿಟಕಿಯ ಸಂದಿನಿಂದ ಒಳಗೆ ಕೈ ಚಾಚಿದ. ಅವಳು ಆ ಕೈಯನ್ನು, ಸೂಜಿಯ ಗಂಟುಗಳ ಸಮೇತ, ಎರಡೂ ಕೈಯಲ್ಲಿ ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು. ಇಬ್ಬರೂ ಅತ್ತರು. ಹಿಂದೆ ಸಾಲಿನಲ್ಲಿದ್ದವರು ಯಾರೂ ಬೇಗ ಬೇಗ ಅನ್ನಲಿಲ್ಲ.

"ಸೇವ್ ಆಯ್ತು," ಅಂದಳು ಅಕ್ಕ. "ನೋಡ್ಕೊಳ್ಳಿ ಇಬ್ರೂ. ಆಮೇಲೆ ನನ್ನ ತಲೆಗೆ ಕಟ್ಬೇಡಿ!"

ಅವನು ಒದ್ದೆ ಕಣ್ಣಲ್ಲೇ ಸರ್ವರ್ ಕೋಣೆಯತ್ತ ತಲೆ ಆಡಿಸಿದ. "ಕಾಪಿ ಓಡ್ತಿದ್ಯಾ?"

"ಓಡ್ತಿದೆ."

"ದಡದಲ್ಲಿ ಯಾರಿದ್ದಾರೆ?"

"ನಾನಿದ್ದೀನಿ ರೀ," ಅಂದಳು ಅವಳು, ಕೈ ಬಿಡದೆ. "ಈ ಸಲ ಎಲ್ಲೂ ಹೋಗಲ್ಲ."